ಮೇಲ್‌ನಲ್ಲಿ ಬಂದ ಫೈಲ್ ತೆರೆಯುವ ಮುಂಚೆ ಹೆಸರಿನ ಕೊನೆ ನೋಡಿ
ಬಿಲ್, ಕೊರಿಯರ್ ರಸೀದಿ ಅಂತ ಮೇಲ್‌ನಲ್ಲಿ ಬರುವ ಫೈಲ್‌ಗಳ ಬಗ್ಗೆ ಹುಷಾರಾಗಿರಿ. ವಿಂಡೋಸ್ ಸಾಮಾನ್ಯವಾಗಿ ಫೈಲ್ ಹೆಸರಿನ ಕೊನೆಯ ಭಾಗವನ್ನು ತೋರಿಸುವುದಿಲ್ಲ. ಹಾಗಾಗಿ 'ಬಿಲ್.ಪಿಡಿಎಫ್.ಇಎಕ್ಸ್‌ಇ' ಅನ್ನುವುದು ಬರೀ 'ಬಿಲ್.ಪಿಡಿಎಫ್' ಎಂದು ಕಾಣುತ್ತದೆ. ಇಎಕ್ಸ್‌ಇ ಅಂದರೆ ದಾಖಲೆಯಲ್ಲ, ತೆರೆದ ಕೂಡಲೇ ಕೆಲಸ ಶುರು ಮಾಡುವ ಪ್ರೋಗ್ರಾಂ. 2000ದ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ 'ಐ ಲವ್ ಯೂ' ವೈರಸ್ ಜನರನ್ನು ಏಮಾರಿಸಿದ್ದೂ ಹೀಗೆಯೇ.

ವಿಂಡೋಸ್ 11 ಇದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಆಮೇಲೆ ಶೋ, ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಒತ್ತಿ. ಒಮ್ಮೆ ಮಾಡಿದರೆ ಸಾಕು. ಕೊನೆಯಲ್ಲಿ ಇಎಕ್ಸ್‌ಇ, ಅದರಂತೆಯೇ ಕೆಲಸ ಮಾಡುವ ವಿಬಿಎಸ್, ಜೆಎಸ್ ಕಂಡರೆ ತೆರೆಯಲೇಬೇಡಿ. ಪರಿಚಯದವರ ಹೆಸರಲ್ಲಿ ಬಂದಿದ್ದರೂ ಒಂದು ಫೋನ್ ಮಾಡಿ ಕೇಳಿ. ಅವರ ಖಾತೆಯೇ ಕಳ್ಳರ ಕೈಲಿರಬಹುದು, ಅಲ್ವಾ?

ಫೋಟೊ, ದಾಖಲೆಗಳ ಪ್ರತಿ ಇಟ್ಟ ಹಾರ್ಡ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರ್‌ನಿಂದ ತೆಗೆದಿಡಿ. ಸಿಕ್ಕಿಸಿಯೇ ಬಿಟ್ಟರೆ, ಇಂಥ ಫೈಲ್‌ಗಳಲ್ಲಿ ಅಡಗಿ ಬಂದು ಕಂಪ್ಯೂಟರ್‌ನ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕಬಹುದು.