ಪಕ್ಕದ ಸೀಟಿನವರಿಗೆ ಯೇಸುವಿನ ಬಗ್ಗೆ ಹೇಳುವುದು ಹೇಗೆ?

ಹೊಸದಾಗಿ ನಂಬಿಕೆಗೆ ಬಂದ ಉತ್ಸಾಹದಲ್ಲಿ ಆಫೀಸಿನ ಗೆಳೆಯನನ್ನು ಒಂದು ಸಲ ಕೇಳಿಬಿಟ್ಟೆ: "ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗ್ತೀಯಾ?" ಅವನು ಟಿಫಿನ್ ಡಬ್ಬಿಯಿಂದ ತಲೆಯನ್ನೂ ಎತ್ತದೆ "ವಿಲ್ಸನ್ ಗಾರ್ಡನ್‌ಗೆ" ಅಂದ. ಅಲ್ಲಿನ ಚಿತಾಗಾರ ಬೆಂಗಳೂರಿನವರಿಗೆಲ್ಲ ಗೊತ್ತು. ಮಾತು ಅಲ್ಲಿಗೇ ಮುಗಿಯಿತು. ಯಾರೋ ಕಲಿಸಿಕೊಟ್ಟ ಪ್ರಶ್ನೆ ಅದು. ಊಟದ ಹೊತ್ತಲ್ಲಿ ನಮ್ಮಲ್ಲಿ ಯಾರಾದರೂ ಸಾವಿನ ಮಾತು ಎತ್ತುತ್ತಾರಾ? ನನಗೆ ಹೊಳೆಯಲೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಸುಮ್ನೆ ಕೇಳಿಸಿಕೊಳ್ಳುವುದು. ನಂಬದವರೆಲ್ಲ ಒಂದೇ ತರಹ ಇರುವುದಿಲ್ಲ. ಒಬ್ಬರು ದಿನಾ ದೀಪ ಹಚ್ಚುವವರು, ಒಬ್ಬರು ದೇವರೇ ಇಲ್ಲ ಅನ್ನುವವರು, ಇನ್ನೊಬ್ಬರು ಸಂಡೇ ಸ್ಕೂಲಿನಲ್ಲೇ ಬೆಳೆದು ಬೇಸತ್ತು ಚರ್ಚ್ ಬಿಟ್ಟವರು. ಮೂವರಿಗೂ ಒಂದೇ ಮಾತು ಒಪ್ಪಿಸಿದರೆ ಆಗುತ್ತಾ? ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯ ನೋಡಿ. ರಥದಲ್ಲಿ ಕೂತು ಪ್ರವಾದಿ ಯೆಶಾಯನ ಪುಸ್ತಕ ಓದುತ್ತಿದ್ದ ಐಥಿಯೋಪ್ಯದವನ ಹತ್ತಿರ ಓಡಿ ಹೋದ, ಯೇಸುವನ್ನು ನಂಬಿದ್ದ ಫಿಲಿಪ್ಪ ಉಪದೇಶ ಮಾಡಲಿಲ್ಲ. ಓದುತ್ತಿರುವುದು ಅರ್ಥವಾಗುತ್ತಿದೆಯಾ ಅಂತ ಕೇಳಿದ. ಅವನು ಕರೆದ ಮೇಲೆ ರಥ ಹತ್ತಿದ, ಅವನು ಓದುತ್ತಿದ್ದ ಮಾತಿನಿಂದಲೇ ಶುರು ಮಾಡಿದ.

ಆಮೇಲೆ ಭಾಷೆ. ಚರ್ಚಿನವರಾದ ನಮಗೆ ಬೇರೆಯದೇ ಒಂದು ಕನ್ನಡ ಇದೆ ಅಲ್ವಾ? 'ಕರ್ತನು' ಅಂದರೆ ಹೊರಗಿನವರಿಗೆ ಶಾಲೆಯ ಕರ್ತೃ-ಕರ್ಮ ಪಾಠ ನೆನಪಾಗುತ್ತದೆ. 'ಅಭಿಷೇಕ' ಅಂದರೆ ಲಿಂಗದ ಮೇಲೆ ಸುರಿಯುವ ಹಾಲು. 'ಸಾಕ್ಷಿ ಹೇಳ್ತೀನಿ' ಅಂದರೆ ಕೋರ್ಟು ಕೇಸು. 'ರಕ್ಷಣೆ' ಅಂದರೆ ಪೊಲೀಸರು. ಎಲ್ಲಕ್ಕಿಂತ ಕಷ್ಟದ್ದು 'ಪಾಪ'. ಬಿದ್ದ ಮಗುವನ್ನು ನೋಡಿದರೂ "ಅಯ್ಯೋ ಪಾಪ" ಅನ್ನುತ್ತೇವೆ. ಇಲ್ಲದಿದ್ದರೆ ಪಾಪ-ಪುಣ್ಯ ಅಂತ ಜಮಾ-ಖರ್ಚಿನ ಲೆಕ್ಕ, ಒಂದಿಷ್ಟು ಒಳ್ಳೆ ಕೆಲಸ ಮಾಡಿದರೆ ಸರಿಹೋಗುವಂಥದ್ದು. "ನೀನು ಪಾಪಿ" ಅಂದರಂತೂ ಅದು ಬರೀ ಬೈಗುಳ. ಬೈಬಲ್ ಹೇಳುವುದು ಈ ಲೆಕ್ಕವನ್ನಲ್ಲ, ತಂದೆಯಾದ ದೇವರ ಜೊತೆ ಕೆಟ್ಟುಹೋದ ಸಂಬಂಧವನ್ನು. ಅದಕ್ಕೇ ನಾನು ಆ ಪದವನ್ನು ಪಕ್ಕಕ್ಕಿಟ್ಟು ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ಹೇಳುತ್ತೇನೆ.

ಅಪ್ಪ ಬದುಕಿರುವಾಗಲೇ ಕಿರಿಮಗ ಆಸ್ತಿಯಲ್ಲಿ ಪಾಲು ಕೇಳುತ್ತಾನೆ. ಇಷ್ಟು ಹೇಳಿದರೆ ಸಾಕು, ನಮ್ಮವರ ಕಿವಿ ನೆಟ್ಟಗಾಗುತ್ತದೆ, ಪಾಲಿನ ಜಗಳ ನೋಡದ ಮನೆ ಯಾವುದಿದೆ ಹೇಳಿ. ದೂರದ ದೇಶದಲ್ಲಿ ದುಡ್ಡೆಲ್ಲ ಹಾರಿಸಿದ, ಬರ ಬಂತು, ಹಂದಿ ಮೇಯಿಸುವ ಗತಿ ಬಂತು. ಆಳಾಗಿಯಾದರೂ ಇಟ್ಟುಕೋ ಅಂತ ಕೇಳೋಣ ಅಂದುಕೊಂಡು ವಾಪಸ್ ಹೊರಟವನನ್ನು ಅಪ್ಪ ದೂರದಿಂದಲೇ ನೋಡಿ, ಓಡಿ ಬಂದು ತಬ್ಬಿಕೊಂಡ, ಅಂದುಕೊಂಡಿದ್ದ ಮಾತನ್ನು ಪೂರ್ತಿ ಹೇಳೋಕೂ ಬಿಡಲಿಲ್ಲ. ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ದೊಡ್ಡ ಮಗನನ್ನು ಬಿಡಬೇಡಿ. ಇಷ್ಟು ವರ್ಷ ದುಡಿದ ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಮುನಿಸಿಕೊಂಡು ಹೊರಗೇ ನಿಂತ, ಅವನನ್ನು ಕರೆಯಲೂ ಅಪ್ಪನೇ ಹೊರಗೆ ಬಂದ. ಕೊನೆಗೆ ಅವನು ಒಳಗೆ ಹೋದನಾ? ಯೇಸು ಹೇಳುವುದೇ ಇಲ್ಲ. ನೀವೂ ಹೇಳಬೇಡಿ. "ನೀನಾಗಿದ್ದರೆ ಹೋಗ್ತಿದ್ಯಾ?" ಅಂತ ಕೇಳಿ ಕಾಫಿ ಕುಡಿಯಿರಿ.

ಶಿಲುಬೆಯ ಮಾತು ಬಾರದಿದ್ದರೆ ಮಾತ್ರ ಹೇಳಿದ್ದು ಅರ್ಧವೇ. ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತನು, ಸಮಾಧಿ ಮಾಡಿದರು, ಮೂರನೇ ದಿನ ಎದ್ದು ಬಂದನು. 1 ಕೊರಿಂಥ 15ರಲ್ಲಿ ಪೌಲ ಎಲ್ಲಕ್ಕಿಂತ ಮುಖ್ಯ ಅಂತ ಹೇಳುವುದು ಇದನ್ನೇ. ಎರಡು ನಿಮಿಷದಲ್ಲಿ ಮನೆ ಮಾತಿನಲ್ಲಿ ಹೇಳಲು ಬರುತ್ತಾ, ಮೊದಲು ಮನೆಯವರ ಮುಂದೆ ಹೇಳಿ ನೋಡಿ. ನನಗೆ ಮೂರು ಸಲ ಬೇಕಾಯಿತು.

"ನಮ್ಮ ದೇವರ ಮನೇಲಿ ಯೇಸು ಫೋಟೋನೂ ಇದೆ" ಅನ್ನುವವರು ಖಂಡಿತ ಸಿಗುತ್ತಾರೆ. ಗೌರವದಿಂದ ಆಡಿದ ಮಾತು ಅದು, ವಾದಕ್ಕೆ ಇಳಿಯಬೇಡಿ, ಅವರ ದೇವರುಗಳ ಬಗ್ಗೆ ಹಗುರವಾಗಿ ಒಂದು ಮಾತೂ ಬೇಡ. ಹಾಗಂತ ಸುಳ್ಳೂ ಬೇಡ. ಯೋಹಾನ 14:6ರಲ್ಲಿ ಯೇಸು ತಾನೇ ದಾರಿ ಅಂದಿದ್ದಾನೆ, ಆ ಮಾತು ನನಗೂ ಸುಲಭಕ್ಕೆ ಒಗ್ಗಲಿಲ್ಲ ಅಂತ ಇದ್ದದ್ದನ್ನು ಹೇಳಿ.

ಕಾನೂನೂ ತಿಳಿದಿರಲಿ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ದುಡ್ಡು, ಕೆಲಸ, ಶಾಲೆಯ ಸೀಟಿನ ಆಸೆ ತೋರಿಸಲೇಬೇಡಿ. ಪ್ರಾರ್ಥನೆ ಮಾಡಿದರೆ ಕಾಯಿಲೆ ಹೋಗೇ ಹೋಗುತ್ತೆ ಅಂತ ಭಾಷೆ ಕೊಡಬೇಡಿ. ನಿಮ್ಮ ಕೈಕೆಳಗೆ ದುಡಿಯುವವರು, ಆಸ್ಪತ್ರೆಯ ಮಂಚದಲ್ಲಿ ಮಲಗಿದವರು, ಅಪ್ಪ-ಅಮ್ಮನಿಗೆ ಗೊತ್ತಿಲ್ಲದೆ ಬಂದ ಮಕ್ಕಳು, ಇವರಿಗೆಲ್ಲ "ಬೇಡ" ಅನ್ನುವುದು ಕಷ್ಟ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಬೇಡ ಅಂದವರ ಹತ್ತಿರ ಆ ಮಾತು ನಿಲ್ಲಿಸಿ, ಗೆಳೆತನ ನಿಲ್ಲಿಸಬೇಡಿ.

ಓದಬೇಕು ಅಂದವರಿಗೆ ಇಡೀ ಬೈಬಲ್ ಕೈಗಿಡುವುದು ಬೇಡ. ಮಾರ್ಕನ ಸುವಾರ್ತೆ 16 ಅಧ್ಯಾಯ ಅಷ್ಟೇ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಹಳೇ ಅನುವಾದದ ಕನ್ನಡ ಗಟ್ಟಿ, ಸರಳ ಅನುವಾದವನ್ನೇ ಕೊಡಿ.

ಭಾನುವಾರ ಬರ್ತೀನಿ ಅಂದರೆ ಗೇಟಿನ ಹತ್ತಿರವೇ ಕಾಯಿರಿ. ಚಪ್ಪಲಿ ಎಲ್ಲಿ ಬಿಡಬೇಕು, ಎಷ್ಟು ಹೊತ್ತು ಕೂರಬೇಕು ಮೊದಲೇ ಹೇಳಿ. ಹೊಸಬರು ಎದ್ದು ನಿಲ್ಲಿ ಅಂತ ಮೈಕಿನಲ್ಲಿ ಕರೆಯದಂತೆ ಪಾಸ್ಟರ್‌ಗೂ ಒಂದು ಮಾತು ಹಾಕಿರಿ. ಕಾಣಿಕೆ ಚೀಲ ಬಂದಾಗ ಪಕ್ಕದಲ್ಲೇ ಕೂತು ಮೆಲ್ಲಗೆ ಹೇಳಿ: "ನೀನೇನೂ ಹಾಕಬೇಕಾಗಿಲ್ಲ, ಹಾಗೇ ಮುಂದಕ್ಕೆ ಕೊಡು."