ಹನುಮ ಜಯಂತಿಯ ಹುಣ್ಣಿಮೆ ಹಿಡಿದು ಪಾಸ್ಖ ಹುಡುಕಿದ್ದು

ಬೆಳಗಾವಿಯಲ್ಲಿ ಚರ್ಚಿನ ಭಾನುವಾರದ ಬಲಿಪೂಜೆ (ಮಾಸ್) ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಮೊದಮೊದಲು ಹಬ್ಬಗಳ ಅರ್ಥವನ್ನು ಡಿಸೆಂಬರ್‌ನಿಂದ ಶುರು ಮಾಡುತ್ತಿದ್ದೆ. ಗೋದಲಿ, ನಕ್ಷತ್ರ, ಕೇಕು. ಅದೆಲ್ಲ ಅವರಿಗೆ ಗೊತ್ತೇ ಇತ್ತು, ಸುಮ್ನೆ ಆಕಳಿಸುತ್ತಿದ್ದರು. 2025ರಲ್ಲಿ ದಾರಿ ಬದಲಿಸಿ ಪಾಸ್ಖದಿಂದ, ಅಂದರೆ ಈಸ್ಟರ್‌ನಿಂದ ಶುರು ಮಾಡಿದೆ.

ಮನೆಯ ಗೋಡೆ ಕ್ಯಾಲೆಂಡರ್ ತನ್ನಿ ಅಂದೆ. ಸೂತ್ರ ಇಷ್ಟೇ: ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಮಕ್ಕಳು ಹುಡುಕಿದರು. ಏಪ್ರಿಲ್ 12, ಶನಿವಾರ, ಹನುಮ ಜಯಂತಿ. "ಹಂಗಾದ್ರ 13ಕ್ಕ ಪಾಸ್ಖ ರೀ ಟೀಚರ್!"

ಆದರೆ ಚರ್ಚಿನ ಪಟ್ಟಿಯಲ್ಲಿ 13ಕ್ಕೆ ಗರಿಗಳ ಭಾನುವಾರ, ಅಂದರೆ ಯೇಸು ಜೆರುಸಲೇಮಿಗೆ ಬಂದದ್ದನ್ನು ನೆನೆದು ತಾಳೆಗರಿ ಹಿಡಿಯುವ, ಪಾಸ್ಖದ ಹಿಂದಿನ ಭಾನುವಾರ. ಪಾಸ್ಖ ಇದ್ದದ್ದು 20ಕ್ಕೆ. ನಾನೇ ಕಕ್ಕಾಬಿಕ್ಕಿ. ಮನೆಗೆ ಹೋಗಿ ಲೆಕ್ಕ ಹಾಕಿದಾಗ ಗೊತ್ತಾಯಿತು. ಚರ್ಚು ನಮ್ಮ ಪಂಚಾಂಗವನ್ನಾಗಲಿ ಆಕಾಶದ ಚಂದ್ರನನ್ನಾಗಲಿ ನೋಡುವುದಿಲ್ಲ, ತನ್ನದೇ ಹಳೆಯ ಕೋಷ್ಟಕ ನೋಡುತ್ತದೆ. ಅದರಲ್ಲಿ ಆ ವರ್ಷದ ಹುಣ್ಣಿಮೆ 13ಕ್ಕೆ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಹಬ್ಬ ಮುಂದಿನ ಭಾನುವಾರಕ್ಕೆ.

ಈ ಎಡವಟ್ಟಿನಿಂದಲೇ ಪಾಠ ಕಳೆಗಟ್ಟಿತು. ಹುಣ್ಣಿಮೆ ಯಾಕೆ ಬೇಕು? ಇಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ತಮ್ಮ ಪಾಸ್ಖ (ಪಾಸೋವರ್) ಆಚರಿಸುವುದು ವಸಂತದ ಹುಣ್ಣಿಮೆಗೆ. ಯೇಸು ಸತ್ತು ಎದ್ದದ್ದು ಅದೇ ದಿನಗಳಲ್ಲಿ. ಹಬ್ಬದ ಅರ್ಧ ಅರ್ಥ ಅದರ ತಾರೀಖಿನಲ್ಲೇ ಇದೆ, ಅಲ್ವಾ?

ಆಮೇಲೆ ಪಾಸ್ಖದಿಂದ ಹಿಂದಕ್ಕೆ ಎಣಿಸಿದೆವು. ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸು ಕಾಲ, ಅಂದರೆ ಪಾಸ್ಖಕ್ಕೆ ಮುಂಚಿನ ಉಪವಾಸದ ಕಾಲ, ಶುರು ಮಾಡುವ ವಿಭೂತಿ ಬುಧವಾರ ಮಾರ್ಚ್ 5. "ತಪಸ್ಸು ಕಾಲ 40 ದಿನ ಅಂತೀರಿ, 46 ಬಂತಲ್ರಿ?" ಆರು ಭಾನುವಾರ ಕಳೆಯಿರಿ ಅಂದೆ. ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಆವತ್ತು ಉಪವಾಸವಿಲ್ಲ. ಪಾಸ್ಖವನ್ನೂ ಸೇರಿಸಿ ಮುಂದಕ್ಕೆ ಎಣಿಸಿದರೆ 50ನೇ ದಿನ, ಜೂನ್ 8, ಪೆಂತೆಕೋಸ್ತ್. ಪವಿತ್ರಾತ್ಮರು ಬೆಂಕಿಯ ನಾಲಗೆಗಳಂತೆ ಶಿಷ್ಯರ ಮೇಲೆ ಇಳಿದ ದಿನ, ಅದಕ್ಕೇ ಫಾದರ್ ಕೆಂಪು ವಸ್ತ್ರ ಹಾಕುತ್ತಾರೆ.

ಕ್ರಿಸ್ಮಸ್‌ಗೆ ಈ ಓಡಾಟವಿಲ್ಲ. ಮರಿಯಮ್ಮನವರ ಸ್ವರ್ಗಸ್ವೀಕಾರವೂ ಆಗಸ್ಟ್ 15ಕ್ಕೇ ಗಟ್ಟಿ. ಆವತ್ತು ಮಕ್ಕಳು ಎದೆಗೆ ಧ್ವಜ ಸಿಕ್ಕಿಸಿಕೊಂಡೇ ಚರ್ಚಿಗೆ ಬರುತ್ತಾರೆ. ಇವಕ್ಕೆ ನಾನು ಜಾಸ್ತಿ ಹೊತ್ತು ಕೊಡಲಿಲ್ಲ.

ಮರುವರ್ಷ ವಿಭೂತಿ ಬುಧವಾರಕ್ಕೆ ಬೇಕಾದ ಬೂದಿಯನ್ನೂ ನಾವೇ ಮಾಡಿದೆವು. ಗರಿಗಳ ಭಾನುವಾರ ತಂದ ಗರಿಯನ್ನು ಮನೆಮನೆಯಲ್ಲೂ ಶಿಲುಬೆಯ ಹಿಂದೆ ಸಿಕ್ಕಿಸಿರುತ್ತಾರೆ. ಬೆಳಗಾವಿಯ ಮಳೆ ಗೊತ್ತಲ್ಲ, ಎಷ್ಟೋ ಗರಿಗೆ ಬೂಸ್ಟು ಹಿಡಿದಿತ್ತು. ಎರಡು ದಿನ ಬಿಸಿಲಿಗೆ ಹಾಕಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಸುಟ್ಟೆವು. ಸರಿಯಾಗಿ ಒಣಗದ ಗರಿ ಬರೀ ಹೊಗೆ, ಎಲ್ಲರ ಕಣ್ಣಲ್ಲೂ ನೀರು. ಚಹಾ ಸೋಸುವ ಜರಡಿಯಲ್ಲಿ ಜಾಲಿಸಿದಾಗ ಒಂದು ಚೀಲ ಗರಿಗೆ ಸಿಕ್ಕಿದ್ದು ಒಂದು ಮುಷ್ಟಿ ಬೂದಿ.

ಆಗ ಒಬ್ಬ ಹುಡುಗ ಕೇಳಿದ: "ನಮ್ಮ ಬಾಜೂ ಮನಿ ಅಜ್ಜಾರು ದಿನಾ ವಿಭೂತಿ ಹಚ್ಕೋತಾರ್ರಿ. ನಾವ್ಯಾಕ ವರ್ಷಕ್ಕೊಮ್ಮೆ?"

ಅಜ್ಜಾರ ವಿಭೂತಿಯ ಅರ್ಥ ಅಜ್ಜಾರನ್ನೇ ಕೇಳು ಅಂದೆ. ನಮ್ಮದು ಇದು: ಹೋದ ವರ್ಷ 'ಹೊಸಾನ್ನ' ಅಂತ ಜಯಕಾರ ಕೂಗಿ ನೀನು ಎತ್ತಿ ಹಿಡಿದ ಗರಿ. ಅವನು ಬೆರಳಿಗೆ ಮೆತ್ತಿದ ಬೂದಿಯನ್ನು ಮೂಸಿ ನೋಡಿದ.