ದೊಡ್ಡ ಕಲಾವಿದರಿಂದ ಆಡಿಯೋಬುಕ್ ಓದಿಸುವಾಗ

ಹೆಸರಾಂತ ರಂಗನಟಿಯೊಬ್ಬರು ನಮ್ಮ ಬೆಂಗಳೂರಿನ ಪುಟ್ಟ ಸ್ಟುಡಿಯೋಗೆ ಕಾದಂಬರಿ ಓದಲು ಬಂದಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಮೊದಲ ಸಾಲಿಗೇ ನನ್ನ ಹೆಡ್‌ಫೋನಿನಲ್ಲಿ ಕಿಣಿಕಿಣಿ ಸದ್ದು. ಅವರ ಹಸಿರು ಗಾಜಿನ ಬಳೆ! ಮುತ್ತೈದೆಗೆ "ಬಳೆ ತೆಗೀರಿ" ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಹೆಂಡತಿ ಹಳೇ ಕಾಟನ್ ದುಪಟ್ಟಾ ತಂದು ಬಳೆಗಳ ಮೇಲೆ ಸುತ್ತಿದಳು. "ಬಿಗಿ ಮಾಡ್ಬೇಡಮ್ಮ, ಕೈ ಆಡದಿದ್ರೆ ನನಗೆ ಮಾತೇ ಹೊರಡಲ್ಲ" ಅಂದರು ಅವರು. ಸಡಿಲವಾಗಿ ಸುತ್ತಿದೆವು, ಸದ್ದು ನಿಂತಿತು. ಈಗ ಮೆತ್ತನೆ ಬಟ್ಟೆ ಸ್ಟುಡಿಯೋದಲ್ಲಿ ಸದಾ ಇರುತ್ತದೆ. ಕರೆಯುವಾಗಲೇ ಹೇಳಿಬಿಡಿ, ರೇಷ್ಮೆ ಸೀರೆ, ಗಂಜಿ ಹಾಕಿದ ಜುಬ್ಬಾ ಬೇಡ ಅಂತ. ಎರಡೂ ಸರಸರ ಅನ್ನುತ್ತವೆ.

ಅವರ ಗಂಟಲಿನ ಶಕ್ತಿ ಓದಿಗಷ್ಟೇ ಖರ್ಚಾಗಬೇಕು. ಉಳಿದದ್ದೆಲ್ಲ ಅವರು ಬರುವ ಮೊದಲೇ ಮುಗಿದಿರಬೇಕು.

ಮೊದಲು ಕಾಗದಪತ್ರ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ವಾರಸುದಾರರದ್ದು. ಪುಸ್ತಕ ಅಚ್ಚು ಹಾಕಿದ ಪ್ರಕಾಶಕರ ಹತ್ತಿರ ಆಡಿಯೋ ಹಕ್ಕು ಇರಲೇಬೇಕು ಅಂತಿಲ್ಲ, ಕೇಳಿ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. ಓದುವವರಿಗೂ ಪತ್ರ ಕೊಡಿ. ಅವರ ಧ್ವನಿಯನ್ನು ಎಐ ನಕಲಿಗೆ ಬಳಸುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ.

ಓದುವ ಪ್ರತಿಯನ್ನು ಒಂದು ವಾರ ಮೊದಲೇ ಮನೆಗೆ ಕಳಿಸಿ. ಅಕ್ಷರ ದಪ್ಪ, ಹಾಳೆಯ ಒಂದೇ ಬದಿ, ಪಿನ್ ಬೇಡ. ವಾಕ್ಯ ಹಾಳೆಯ ಕೊನೆಯಲ್ಲಿ ತುಂಡಾಗಬಾರದು. 1956 ಅಂತಿದ್ದರೆ "ಸಾವಿರದ ಒಂಬೈನೂರ ಐವತ್ತಾರು" ಎಂದು ಬರೆದೇ ಕೊಡಿ. ಪಾತ್ರ ಧಾರವಾಡದ ಕಡೆಯದ್ದಾದರೆ, ಆ ಕಡೆಯವರಿಂದಲೇ ಆ ಮಾತುಗಳನ್ನು ಫೋನಿನಲ್ಲಿ ಓದಿಸಿ ಕಳಿಸಿ. ಕಿವಿಗೆ ಬಿದ್ದರೆ ಸಾಕು, ದೊಡ್ಡ ಕಲಾವಿದರು ಹಿಡಿದುಬಿಡುತ್ತಾರೆ.

ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ, ಮುಂದೆ ಪಾಪ್ ಫಿಲ್ಟರ್ (ಪ, ಬ ಅನ್ನುವಾಗ ಉಸಿರು ಮೈಕ್‌ಗೆ ಹೊಡೆಯದಂತೆ ತಡೆಯುವ ಜಾಲರಿ). ಕುರ್ಚಿ, ಸ್ಟ್ಯಾಂಡ್ ಎಲ್ಲಿದ್ದವು ಅಂತ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಮರುದಿನ ಜಾಗ ಬದಲಾದರೆ ಧ್ವನಿಯೂ ಬದಲಾಗುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಜೋರು ಮಾತೂ ಮೀಟರ್‌ನಲ್ಲಿ ಮೈನಸ್ 6 ಡೆಸಿಬಲ್ ದಾಟದಿರಲಿ, ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. ನಾಟಕದವರಿಗೆ ಕೊನೆ ಸಾಲಿಗೆ ಕೇಳಿಸುವಂತೆ ಮಾತಾಡುವ ಅಭ್ಯಾಸ ಇರುತ್ತದೆ ಅಲ್ವಾ? ಅವರಿಗೆ "ಮೆಲ್ಲಗೆ ಓದಿ" ಅಂದರೆ ಓದಿನ ಜೀವವೇ ಹೋಗಿಬಿಡುತ್ತದೆ. ನಾನು ಅಂದದ್ದು ಇಷ್ಟೇ: "ಅಮ್ಮ, ಮೊಮ್ಮಗಳು ನಿಮ್ಮ ತೊಡೆ ಮೇಲೆ ಮಲಗಿದ್ದಾಳೆ, ಅವಳಿಗೆ ಹೇಳಿ." ಮುಂದಿನ ಸಾಲು ಎಷ್ಟು ಹತ್ತಿರದಿಂದ ಬಂತೆಂದರೆ ನನ್ನ ಮೈ ಜುಮ್ಮೆಂದಿತು.

ದಿನಕ್ಕೆ ಎರಡು ಗಂಟೆ ಓದು ಸಾಕು. ಬೆಳಗಿನ ತಿಂಡಿ ಆದಮೇಲೆ ಒಳ್ಳೇ ಹೊತ್ತು. ಹಾಲಿನ ಕಾಫಿ ಕೆಲಸ ಮುಗಿದ ಮೇಲೆ ಕೊಡಿ, ಮೊದಲೇ ಕುಡಿದರೆ ಬಾಯಿ ಅಂಟಂಟಾಗುತ್ತದೆ. ಉಗುರುಬೆಚ್ಚಗಿನ ನೀರು, ಒಂದೆರಡು ಹೋಳು ಹಸಿರು ಸೇಬು ಇರಲಿ. ಎರಡನೇ ದಿನದಿಂದ, ಶುರು ಮಾಡುವ ಮೊದಲು ಹಿಂದಿನ ದಿನದ ಕೊನೆಯ ಐದು ನಿಮಿಷ ಅವರಿಗೆ ಕೇಳಿಸಿ. ಅದೇ ಲಯ ತಾನಾಗೇ ಕೂಡಿಕೊಳ್ಳುತ್ತದೆ.

ತಪ್ಪಾದರೆ ವಾಕ್ಯದ ನಡುವೆ ತಡೆಯಬೇಡಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು, ಪ್ಯಾರಾ ಮುಗಿದ ಮೇಲೆ ಕೇಳಿ. ಆದರೆ ಅವತ್ತೇ ಕೇಳಿ. ಒಮ್ಮೆ "ತಂಗಿ" ಅನ್ನುವಲ್ಲಿ "ತಾಯಿ" ಅಂತ ಬಂತು. ಅಷ್ಟು ದೊಡ್ಡವರಿಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ. ಆ ಒಂದು ಪದಕ್ಕೆ ಇಡೀ ಕಥೆ ತಿರುವುಮುರುವಾಗುತ್ತಿತ್ತು. ಇಪ್ಪತ್ತು ದಿನ ಬಿಟ್ಟು ಮತ್ತೆ ಕರೆಸಬೇಕಾಯಿತು. ಅಷ್ಟರಲ್ಲಿ ಅವರಿಗೆ ನೆಗಡಿ, ಧ್ವನಿ ಹೊಂದಲೇ ಇಲ್ಲ. ಕೊನೆಗೆ ಎರಡು ಪುಟ ಪೂರ್ತಿ ಮತ್ತೆ ಓದಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅವತ್ತೇ ಹೇಳ್ಬಾರದಿತ್ತಾ ಮಗಾ?" ಅಂದರು ಅಷ್ಟೇ.

ಫೈಲ್ ಕಳಿಸುವ ಮುನ್ನ ಅಳತೆ ನೋಡಿ. ಅಮೆಜಾನ್‌ನ ಆಡಿಯೋಬುಕ್ ತಾಣ ಆಡಿಬಲ್‌ಗೆ ಪುಸ್ತಕ ಸೇರಿಸುವ ವೇದಿಕೆ ಎಸಿಎಕ್ಸ್ ಕೇಳುವುದು ಡೆಸಿಬಲ್ ಲೆಕ್ಕದಲ್ಲಿ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18, ಗರಿಷ್ಠ ಮೈನಸ್ 3, ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕಡಿಮೆ.

ಪ್ರತಿದಿನ ಓದು ಮುಗಿದ ಮೇಲೆ ಒಂದು ನಿಮಿಷ ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಸಾಲುಗಳ ನಡುವೆ ತುಂಬಲು ಬೇಕು. ಫ್ಯಾನ್, ಎಸಿ ಆಫ್ ಇರಲಿ, ಓದಿದವರು ಕೂತಲ್ಲೇ ಕೂತಿರಲಿ. ಆ ಅಮ್ಮ ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ, ದುಪಟ್ಟಾ ಸುತ್ತಿದ ಕೈ ಹಾಳೆಗಳ ಮೇಲಿಟ್ಟು ಕೂರುತ್ತಿದ್ದರು. ನಿಮಿಷ ಕಳೆದ ಮೇಲೂ ನಾನು ಬೇಗ ಸ್ಟಾಪ್ ಒತ್ತುತ್ತಿರಲಿಲ್ಲ.